ಮೊದಲ ಸಲದ ‘ಬೇಡ’

ನಮ್ಮ ಬ್ಯಾಟರಿ ಪ್ರಾಜೆಕ್ಟಿಗೆ ಫೆಡರಲ್ ಗ್ರ್ಯಾಂಟ್ ಸಿಗಬೇಕಾದರೆ ಖರ್ಚಿನ ಒಂದು ಪಾಲನ್ನು ನಾವೇ ಹೊಂದಿಸಿ ತೋರಿಸಬೇಕಿತ್ತು. ಅದಕ್ಕೆ ರಾಜ್ಯ ಸರ್ಕಾರ ಮ್ಯಾಚಿಂಗ್ ಗ್ರ್ಯಾಂಟ್ ಕೊಡುತ್ತದೆಂದು ತಿಳಿದು, ನಾನಿರುವ ಮೀರಾ ಮೆಸಾ ಬಡಾವಣೆಯಿಂದ ಲಾಸ್ ಏಂಜಲೀಸ್‌ನ ಸರ್ಕಾರಿ ಕಚೇರಿಗೆ ಡ್ರೈವ್ ಮಾಡಿಕೊಂಡು ಹೋದೆ.

ಅಲ್ಲಿನ ಅಧಿಕಾರಿ, ವಯಸ್ಸಾದ ಹೆಂಗಸು, ನಮ್ಮ ಫೈಲ್ ಓದಿ, “ಆ ಪಾಲು ಪೂರ್ತಿ ನಾವೇ ಕೊಡೋಣವೇ?” ಎಂದರು.

ಮನೆಯಲ್ಲಿ ಕಲಿತ ಉಪಚಾರದ ಮಾತು ಬಾಯಿಗೆ ಬಂದು, “ಅಯ್ಯೋ, ಬೇಡ ಬೇಡ, ನಿಮಗ್ಯಾಕೆ ತೊಂದರೆ!” ಅಂದುಬಿಟ್ಟೆ. ನಮ್ಮ ಕಡೆಯವರಾಗಿದ್ದರೆ ಇನ್ನೊಮ್ಮೆ ಬಲವಂತ ಮಾಡುತ್ತಿದ್ದರು. ಈಕೆ ‘ಬೇಡ’ ಎಂದು ಬರೆದುಕೊಂಡು ಫೈಲ್ ಮುಚ್ಚಿಯೇಬಿಟ್ಟರು.

ಬಾಗಿಲ ತನಕ ಹೋದವನು ವಾಪಸ್ ಬಂದೆ. “ಮೇಡಂ, ನಮ್ಮಲ್ಲಿ ಮೊದಲ ಸಲದ ‘ಬೇಡ’ ಲೆಕ್ಕಕ್ಕಿಲ್ಲ.”

ಅವರು ನಕ್ಕು, ಬರೆದದ್ದನ್ನು ಹೊಡೆದುಹಾಕಿ, “ಕಾಫಿ ಬೇಕಾ?” ಎಂದರು.

“ಬೇಕು,” ಎಂದೆ ತಕ್ಷಣ. ನಾನು ಕಾಫಿ ಕುಡಿಯುವವನೇ ಅಲ್ಲ.