ಗ್ಯಾಲಿಯ ಗುಲಾಮ

೧೯೬೯ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ತರಗತಿ ಪಾಸಾಗಿತ್ತು, ಮುಂದಕ್ಕೆ ಕಳುಹಿಸುವ ತ್ರಾಣ ಮನೆಯಲ್ಲಿ ಇರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಆಗಲೂ ನಾಚಿಕೆ ಇರಲಿಲ್ಲ, ಈಗಲೂ ಇಲ್ಲ.

ಮೊನ್ನೆ ನಮ್ಮ ಪ್ರೆಸ್ಸಿನ ಹುಡುಗರು ಮೆಷಿನಿನ ತುಕ್ಕು ಹಿಡಿದ ಒಂದು ಭಾಗವನ್ನು ಚಿಮಿಣಿ ಎಣ್ಣೆಯಲ್ಲಿ ಅದ್ದಿ ಉಜ್ಜುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಬಂಟ್ವಾಳ ಪೇಟೆಯ ಹಳೆಯ ಪ್ರೆಸ್ಸಿನಲ್ಲಿದ್ದೆ. ಅಚ್ಚಿನಕ್ಷರದ ಸೀಸದ ಮೊಳೆಗಳನ್ನು ನಾವು ಅದೇ ಎಣ್ಣೆಯಲ್ಲಿ ತೊಳೆಯುತ್ತಿದ್ದೆವು. ಆ ವಾಸನೆಯ ಹಿಂದೆಯೇ ಮುಂಡಾಜೆ ಕಡೆಯ ಮಾಷ್ಟ್ರು, ಕಂಕುಳಲ್ಲಿ ಕೊಡೆ ಇಟ್ಟುಕೊಂಡು, ಬಾಗಿಲಿಗೆ ತಲೆ ತಗಲದ ಹಾಗೆ ಬಗ್ಗಿ ಒಳಗೆ ಬಂದರು...

ಆಗ ಎಪ್ಪತ್ತರ ದಶಕದ ಕೊನೆ. ನಾನು ಮೊಳೆ ಜೋಡಿಸುವುದರಲ್ಲಿ ಪಳಗಿದ ಕಂಪೋಸಿಟರ್; ಸಿದ್ಧಕಟ್ಟೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ಮದುವೆಯಾಗಿ ವರ್ಷ ತುಂಬಿರಲಿಲ್ಲ, ಹೆಂಡತಿ ಬಸುರಿ. ಒಂದು ಹೈಸ್ಕೂಲಿನ ಸ್ಮರಣ ಸಂಚಿಕೆಯ ಕೆಲಸ ಬಂದಿತ್ತು. ನಿವೃತ್ತರಾಗಿದ್ದ ಮಾಷ್ಟ್ರು ಅದಕ್ಕೆ ಹಳೆಯ ಕಾಲದ ಹಡಗುಗಳ ಬಗ್ಗೆ ಲೇಖನ ಬರೆದಿದ್ದರು. ಅದು ಹಡಗಿನ ಲೇಖನ ಎಂದು ನನಗೆ ಗೊತ್ತಿರಲಿಲ್ಲ. ಕೆಲಸ ಬೇಗ ಮುಗಿಯಲೆಂದು ಹಾಳೆಗಳನ್ನು ಹಂಚಿಕೊಂಡು ಮೊಳೆ ಜೋಡಿಸುವುದು ನಮ್ಮ ಕ್ರಮ. ನನ್ನ ಪಾಲಿಗೆ ಬಂದದ್ದು ನಡುವಿನ ಒಂದು ಹಾಳೆ.

ಅದು ಶುರುವಾಗುವುದೇ ಹೀಗೆ: 'ಗ್ಯಾಲಿಯ ಗುಲಾಮನಿಗೆ ಹೆಸರಿಲ್ಲ. ಅವನಿಗೆ ತಲೆ ಬೇಕೆಂದಿಲ್ಲ, ತೋಳಿದ್ದರೆ ಸಾಕು.'

ಗ್ಯಾಲಿ ಎಂದರೆ ನಮಗೆ ಒಂದೇ ಅರ್ಥ. ಜೋಡಿಸಿದ ಸಾಲುಗಳನ್ನು ಇಳಿಸಿಡುವ ಉದ್ದದ ತಟ್ಟೆ. ದಿನವಿಡೀ ಅದರ ಮುಂದೆ ನಿಂತಿರುವವರು ನಾವು. ಹಾಗಾದರೆ ಗುಲಾಮ ಯಾರು? ನನ್ನ ಕಿವಿ ಬಿಸಿಯಾಯಿತು. ಸಾಲು ಜೋಡಿಸಲು ಕೈಯಲ್ಲಿ ಹಿಡಿದಿದ್ದ ಸ್ಟಿಕ್ಕನ್ನು ಮೊಳೆಗಳ ಕೇಸಿನ ಮೇಲೆ ಇಟ್ಟೆ.

"ಇದನ್ನು ನಾನು ಜೋಡಿಸುವುದಿಲ್ಲ," ಎಂದೆ.

ಪ್ರೆಸ್ಸಿನ ಧಣಿಗಳು ಹಾಳೆ ನೋಡಿದರು. ಅವರಿಗೂ ಅರ್ಥವಾಗಲಿಲ್ಲ. "ಕಲಿತವರು ಬರೆದದ್ದನ್ನು ಜೋಡಿಸುವುದು ನಿನ್ನ ಕೆಲಸ ಮಾರಾಯ. ಸಂಜೆಯೊಳಗೆ ಜೋಡಿಸು. ಇಲ್ಲದಿದ್ದರೆ ನಾಳೆಯಿಂದ ಬರುವುದು ಬೇಡ."

ಅಚ್ಚಿನ ಟ್ರೆಡಲ್ ಮೆಷಿನು ತುಳಿಯುವವರನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಅವರು ಮೆಲ್ಲಗೆ, "ಜೋಡಿಸಿಬಿಡು ಅತ್ಲಾಗಿ. ಓದುವವರು ಯಾರುಂಟು?" ಎಂದರು. ನಾನು ಕದಲಲಿಲ್ಲ. ಮನೆಯಲ್ಲಿ ಏನು ಹೇಳುವುದೆಂದು ತಿಳಿಯಲಿಲ್ಲ. ಆದರೂ ಆ ಸಾಲಿಗೆ ನನ್ನ ಕೈಯಿಂದ ಮೊಳೆ ಹೆಕ್ಕಲು ಆಗಲಿಲ್ಲ.

ಮಧ್ಯಾಹ್ನ ಪ್ರೂಫ್ ನೋಡಲು ಮಾಷ್ಟ್ರು ಬಂದರು. ಧಣಿಗಳು ಕೈ ಮುಗಿದು, "ಇವನದ್ದೊಂದು ಅಧಿಕಪ್ರಸಂಗ ಮಾಷ್ಟ್ರೇ," ಎಂದು ಶುರುಮಾಡಿದರು. ಮಾಷ್ಟ್ರು ನನ್ನ ಕಡೆ ತಿರುಗಿದರು. "ಎಂತ ಆಯ್ತು? ನೀನೇ ಹೇಳು."

ಹೇಳಿದೆ. ಧ್ವನಿ ಏರಿಯೇ ಹೇಳಿದೆ. "ನಮಗೆ ತಲೆ ಇಲ್ಲ ಅಂತ ನೀವು ಹೇಗೆ ಬರೆದದ್ದು?"

ಅವರು ನಗಲಿಲ್ಲ. ಹಾಳೆಯನ್ನು ಇಸಿದುಕೊಂಡು, ಹಿಂದಿನ ಹಾಳೆ ನೋಡದವನ ಹಾಗೆ ಮೊದಲ ಸಾಲನ್ನು ನಿಧಾನವಾಗಿ ಓದಿದರು. ಆಮೇಲೆ ನಮ್ಮ ಗ್ಯಾಲಿಯ ಮೇಲೆ ಕೈ ಇಟ್ಟು ಹೇಳಿದರು. "ಸರಿ ಉಂಟು. ಹೀಗೆ ಓದಿದರೆ ಅರ್ಥ ಹಾಗೆಯೇ ಆಗ್ತದೆ."

ನಮ್ಮ ಹೊಳೆಯಲ್ಲಿ ಮರಳು ಸಾಗಿಸುವ ಹೊಯ್ಗೆ ದೋಣಿ ನೋಡಿದ್ದೀಯಲ್ಲ, ಎಂದು ಕೇಳಿದರು. ಅಂಥದ್ದೇ ದೋಣಿ ಈ ಪೇಟೆಯಷ್ಟು ಉದ್ದ ಇದ್ದರೆ? ಅದಕ್ಕೆ ಗ್ಯಾಲಿ ಎಂದು ಹೆಸರು. ಎರಡೂ ಬದಿಯಲ್ಲಿ ಸಾಲಾಗಿ ಕೂತವರು, ಹಿಡಿದು ತಂದವರು, ಕಾಲಿಗೆ ಸರಪಳಿ. ಅವರು ಹುಟ್ಟು ಹಾಕಿದರೆ ಮಾತ್ರ ಹಡಗು ಚಲಿಸುತ್ತದೆ. ತಾಳಕ್ಕೆ ಒಂದು ಡೋಲು... ಮಾಷ್ಟ್ರು ಗೆಣ್ಣುಗಳಿಂದ ಮೇಜಿಗೆ ಬಡಿಯತೊಡಗಿದರು. ಧಡ್... ಧಡ್... ಟ್ರೆಡಲ್ ಅಣ್ಣನ ಕಾಲು ತನ್ನಷ್ಟಕ್ಕೆ ಆ ತಾಳಕ್ಕೆ ಬಿತ್ತು. ಆ ಸಣ್ಣ ಕೋಣೆ ಹಡಗೇ ಆಯಿತು. ನೆಲ ಅಲುಗಿದ ಹಾಗೆ ನಾನು ಕೇಸನ್ನು ಹಿಡಿದುಕೊಂಡೆ. ಏಳು ವರ್ಷ ಶಾಲೆಗೆ ಹೋದವನು ನಾನು. ಪಾಠ ಎಂದರೆ ಏನೆಂದು ಗೊತ್ತಾದದ್ದು ಅಂದು.

"ಹಾಗಾದರೆ ನಾನೆಂತ ಮಾಷ್ಟ್ರೇ, ಟ್ರೆಡಲ್ ಗುಲಾಮನಾ?" ಎಂದರು ಅಣ್ಣ. ಎಲ್ಲರೂ ನಕ್ಕರು.

"ತಮಾಷೆಯಲ್ಲ ಮಾರಾಯ. ಬೆನ್ನು ಮುರಿಯುವ ಕೆಲಸಕ್ಕೆ ಸಿಕ್ಕಿಬಿದ್ದವನಿಗೆ ಇಂಗ್ಲಿಷಿನಲ್ಲಿ ಈಗಲೂ ಗ್ಯಾಲಿಯ ಗುಲಾಮ ಅಂತ ಹೇಳ್ತಾರೆ. ಅಲ್ಲಿ ಮೊಳೆ ಜೋಡಿಸುವವರೂ ತಮ್ಮನ್ನು ತಾವೇ ಹಾಗೆ ಕರೆದುಕೊಂಡವರಂತೆ. ತಾನೇ ಹೇಳಿಕೊಂಡರೆ ತಮಾಷೆ. ಧಣಿಗಳು ಹೇಳಿದರೆ ಬೈಗುಳ."

ಧಣಿಗಳು ಮುಖ ಕೆಳಗೆ ಹಾಕಿದರು. ಮಾಷ್ಟ್ರು ಅವರಿಗೇ ಹೇಳಿದರು, "ತಪ್ಪು ನನ್ನದು. ಪ್ರೆಸ್ಸಿಗೆ ಕೊಡುವಾಗ ಗ್ಯಾಲಿ ಅಂದರೆ ಹಡಗು ಅಂತ ಪ್ರತಿ ಹಾಳೆಯಲ್ಲಿ ತಿಳಿಯುವ ಹಾಗೆ ಬರೆಯಬೇಕಿತ್ತು. ಇವನ ಕೆಲಸಕ್ಕೆ ಎಂತದೂ ಆಗಬಾರದು."

ಪೆನ್ನು ತೆಗೆದು, "ಈಗ ಹೇಗೆ ಬರೆಯುವ?" ಎಂದು ನನ್ನನ್ನೇ ಕೇಳಿದರು. ಗುಲಾಮ ಎಂಬ ಮಾತನ್ನೇ ತೆಗೆಯಿರಿ ಎಂದೆ. ಅವರು ಆಗದೆಂದು ತಲೆಯಾಡಿಸಿದರು. "ಅದನ್ನು ತೆಗೆದರೆ ಸರಪಳಿ ಹಾಕಿದವನು ತಪ್ಪಿಸಿಕೊಳ್ತಾನೆ."

"ಹಾಗಾದರೆ ಹೆಸರಿಲ್ಲ ಅನ್ನುವುದು ಹೇಗೆ ಮಾಷ್ಟ್ರೇ? ಹೆತ್ತವಳು ಒಂದು ಇಟ್ಟಿರ್ತಾಳಲ್ಲ?"

ಅವರು ಮೊದಲ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಗೀಟು ಎಳೆದು ಬರೆದರು: 'ಹಡಗಿನ ಹುಟ್ಟಿಗೆ ಕಟ್ಟಿಹಾಕಿದ ಗುಲಾಮನ ಹೆಸರನ್ನು ಯಾರೂ ಕೇಳಲಿಲ್ಲ.' ತಲೆ, ತೋಳಿನ ಸಾಲನ್ನು ಪೂರ್ತಿ ಹೊಡೆದುಹಾಕಿದರು. ಪೆನ್ನಿನ ಮುಚ್ಚಳ ಹಾಕಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ ಕೇಳಿದರು.

"ನಿನ್ನ ಹೆಸರು ಎಂತ?"

ಅಷ್ಟು ವರ್ಷಗಳಲ್ಲಿ ಪ್ರೂಫ್ ನೋಡಲು ಬಂದವರು ಯಾರೂ ಅದನ್ನು ಕೇಳಿರಲಿಲ್ಲ. ಆ ಹಾಳೆಯನ್ನು ನಾನು ಸಂಜೆಯ ಬಸ್ಸಿಗೆ ಮೊದಲೇ ಜೋಡಿಸಿ ಮುಗಿಸಿದೆ.

ಮುಂದೆ ಮೂಡಬಿದಿರೆಯಲ್ಲಿ ನನ್ನದೇ ಒಂದು ಸಣ್ಣ ಪ್ರೆಸ್ಸು ಹಾಕಿದೆ. ಎಂಬತ್ತರ ದಶಕ ಅರ್ಧ ಕಳೆದಿತ್ತು. ಒಂದು ದಿನ ಮಾಷ್ಟ್ರ ಮಗ ತಂದೆಯ ಉತ್ತರಕ್ರಿಯೆಯ ಕಾಗದ ಅಚ್ಚು ಮಾಡಿಸಲು ಬೆಳ್ತಂಗಡಿ ದಾಟಿ ನನ್ನಲ್ಲಿಗೇ ಬಂದರು. ಅಪ್ಪ ನನ್ನ ಹೆಸರನ್ನು ಹೇಳುತ್ತಿದ್ದರಂತೆ. ಕೆಲಸದವರಿದ್ದರೂ ಆ ಕಾಗದವನ್ನು ನಾನೇ ನಿಂತು ಜೋಡಿಸಿದೆ. ಅವರ ಹೆಸರಿನ ಅಕ್ಷರಗಳನ್ನು ಒಂದೊಂದಾಗಿ ಹೆಕ್ಕುವಾಗ ಕಣ್ಣು ಮಂಜಾಗಿ, ಒಂದು ಒತ್ತಕ್ಷರ ಎರಡು ಸಲ ಕೈಜಾರಿತು...

ಈಗ ಮೊಳೆಗಳೆಲ್ಲ ಗುಜರಿಗೆ ಹೋಗಿವೆ. ಏನಾದರೂ ಸಂಶಯ ಬಂದರೆ ಕೇಳಲು ಅವರಿಲ್ಲ. ನನ್ನಲ್ಲಿರುವುದು ಎರಡು ಆಫ್‌ಸೆಟ್ ಮೆಷಿನು, ಮೂರು ಕಂಪ್ಯೂಟರು, ಒಂದು ಹಂಚಿನ ಮನೆ, ಇಬ್ಬರು ಮಕ್ಕಳು, ಆರು ಮಂದಿ ಕೆಲಸದವರು. ಆರು ಮಂದಿಯ ಹೆಸರೂ ನನಗೆ ಗೊತ್ತುಂಟು.