ಐದನೇ ನೀರು

ಸಿದ್ದಾಪುರದ ಕಾಲುವೆ ಬದಿಯ ಒಂದು ಹೊಲಕ್ಕೆ, ಸಮುದ್ರ ಪಾಚಿಯಿಂದ ಮನೆಯಲ್ಲೇ ದ್ರವಗೊಬ್ಬರ ಮಾಡುವುದನ್ನು ಕಲಿಸಲು ಕೃಷಿ ಇಲಾಖೆಯಿಂದ ಹೋಗಿದ್ದೆ. ಕಾರವಾರದಿಂದ ತರಿಸಿದ ಪಾಚಿಯನ್ನು ಎರಡು ಸಲ ತೊಳೆದು, ಡ್ರಮ್ಮಿನಲ್ಲಿ ನೆನೆಹಾಕಿ ಕೊಳೆಸಿದರೆ ಆಯಿತು ಎಂದೆ.

ಹೊಲದ ಒಡತಿ ಈರಮ್ಮ ಒಪ್ಪಲಿಲ್ಲ. "ಮೊದ್ಲ ನಮ್ಮ ಹೊಲ ಉಪ್ಪೆದ್ದು ಸವುಳಾಗೇತಿ. ನೀವು ಸಮುದ್ರದ ಉಪ್ಪು ಬ್ಯಾರೆ ತಂದೀರಿ. ಬದನಿ ಸಸಿ ಸುಟ್ಟು ಹೋದ್ರ ಏನ್ ಮಾಡ್ಲಿ?"

ತೊಳೆದರೆ ಉಪ್ಪು ಹೋಗುತ್ತದೆ, ಬೇಕಾದರೆ ನೋಡಿ ಎಂದು ಪಾಚಿಯನ್ನು ಎರಡು ಸಲ ತೊಳೆದು, ಉಪ್ಪು ಅಳೆಯುವ ಆಫೀಸಿನ ಮೀಟರನ್ನು ಜಂಬದಿಂದ ಅದ್ದಿದೆ. ಅದು ಕುಡಿಯುವ ನೀರಿಗೂ ಸೊನ್ನೆ ತೋರಿಸಿತು, ಪಾಚಿ ತೊಳೆದ ನೀರಿಗೂ ಸೊನ್ನೆಯನ್ನೇ ತೋರಿಸಿತು; ಕೆಟ್ಟು ಕೂತಿತ್ತು.

ಈರಮ್ಮ ಸಾರಿನ ಉಪ್ಪು ನೋಡುವ ಹಾಗೆ ತೊಳೆದ ನೀರನ್ನು ಅಂಗೈಗೆ ಹಾಕಿಕೊಂಡು ನೆಕ್ಕಿ, ಉಗುಳಿದರು. "ಇನ್ನೊಂದು ನೀರು ಹಾಕ್ರಿ."

ಹಾಕಿದೆ. ಮತ್ತೆ ನೆಕ್ಕಿದರು. "ಇನ್ನೊಂದ್ರಿ."

ಐದನೇ ನೀರಿಗೆ ತಲೆಯಾಡಿಸಿ, "ಈಗ ಛಲೋ ಆತು, ನೆನಿ ಹಾಕ್ರಿ" ಅಂದರು. ತೊಳೆದ ಉಪ್ಪುನೀರನ್ನು ಹೊಲಕ್ಕೆ ಬಿಡಗೊಡದೆ, ನನ್ನ ಕೈಯಿಂದಲೇ ಹೊರಿಸಿ ರಸ್ತೆಗೆ ಚೆಲ್ಲಿಸಿದರು.

ಬದನೆ ಸಸಿಗಳು ಚೆನ್ನಾಗಿ ಬಂದವು. ನನ್ನ ವರದಿಯಲ್ಲಿ 'ಉಪ್ಪು ಪರೀಕ್ಷಿಸಿದ ಉಪಕರಣದ ನಂಬರು' ಎಂದೊಂದು ಕಾಲಂ ಇತ್ತು. ಈರಮ್ಮನ ನಾಲಿಗೆಗೆ ನಂಬರಿಲ್ಲ. ಮೀಟರಿನದನ್ನೇ ಬರೆದೆ.