ಅವ್ವನ ಹೆಸರು ಬರೆಸಿದ ದೊಡ್ಡಮ್ಮ

ಹೋದ ತಿಂಗಳು ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಉಕ್ಕಡಗಾತ್ರಿ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಪಕ್ಕದ ಮುದುಕಿ ಕಡ್ಡಿಪುಡಿ ತಂಬಾಕಿಗೆ ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕಿದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ನನ್ನ ಕಣ್ಣಲ್ಲಿ ನೀರು. ಪುಡಿಯ ಖಾರಕ್ಕೆ ಎಂದುಕೊಂಡಳೋ ಏನೋ, ಮುದುಕಿ ಪಾಪ ಆಚೆ ತಿರುಗಿ ಕೂತಳು. ನನಗೆ ನೆನಪಾದದ್ದು ಸದಾ ಅದೇ ಘಾಟಿನ ದೊಡ್ಡಮ್ಮ...

ಸಂಬಂಧದಲ್ಲಿ ಅವಳು ನನಗೆ ಏನೂ ಆಗಬೇಕಿರಲಿಲ್ಲ. ದಾವಣಗೆರೆ ಪಕ್ಕದ ಆವರಗೆರೆಯ ನಮ್ಮ ಓಣಿಗೆಲ್ಲ ಅವಳು ದೊಡ್ಡಮ್ಮ. ನಮ್ಮ ಅವ್ವಂದಿರಂತೆ ಅವಳಿಗೂ ಎಳೆಯದರಲ್ಲೇ ದೇವರ ಹೆಸರಿನಲ್ಲಿ ಮುತ್ತು ಕಟ್ಟಿದ್ದರು. ಮುತ್ತು ಕಟ್ಟಿಸಿಕೊಂಡವರಿಗೆ ಮದುವೆಯಿಲ್ಲ; ಬಂದುಹೋಗುವ ಗಂಡಸರುಂಟು, ಮಕ್ಕಳುಂಟು, ಆ ಮಕ್ಕಳಿಗೆ ಹೇಳಿಕೊಳ್ಳಲು ಅಪ್ಪನಿಲ್ಲ. ಅವಳು ಒಂದು ದಿನ ಆ ಮುತ್ತು ಕಿತ್ತು ಹರಿಹರದ ಸೇತುವೆ ಮೇಲಿಂದ ಹೊಳೆಗೆ ಎಸೆದು, ನಡೆದುಕೊಂಡೇ ದಾವಣಗೆರೆಗೆ ಬಂದಳಂತೆ. ಆಮೇಲೆ ಊರೂರು ತಿರುಗಿ ಹುಡುಗಿಯರಿಗೆ ಮುತ್ತು ಕಟ್ಟುವುದನ್ನು ತಡೆದಳು, ಪಿ.ಜೆ. ಬಡಾವಣೆಯ ವಕೀಲರೊಬ್ಬರ ಮೆಟ್ಟಿಲು ಸವೆಸಿದಳು, ಹೊಡೆತವನ್ನೂ ತಿಂದಳು. ಓದು ಬರುತ್ತಿರಲಿಲ್ಲ. ಆದರೂ ಅರ್ಜಿ ಕೊಟ್ಟ ಮೇಲೆ ಸ್ವೀಕೃತಿಯ ಸೀಲು ಬೀಳದೆ ಯಾವ ಕಚೇರಿಯಿಂದಲೂ ಕದಲುತ್ತಿರಲಿಲ್ಲ. ಸಾಹೇಬರು ಊಟಕ್ಕೆ ಎದ್ದರೆ ಬಾಗಿಲಲ್ಲೇ ತನ್ನ ಬುತ್ತಿ ಬಿಚ್ಚುತ್ತಿದ್ದಳು.

ನಾನು ಎಂಟನೇ ತರಗತಿಗೆ ಸೇರುವ ವರ್ಷ. ಹೈಸ್ಕೂಲಿನ ಅರ್ಜಿಯಲ್ಲಿ ತಂದೆಯ ಹೆಸರಿಗೊಂದು ಸಾಲಿತ್ತು, ತಾಯಿಯ ಹೆಸರಿಗೆ ಇರಲಿಲ್ಲ. ಆ ಸಾಲು ಖಾಲಿ ಬಿಟ್ಟವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ದೊಡ್ಡಮ್ಮ ಓಣಿಯ ನಾಲ್ಕು ಹುಡುಗಿಯರನ್ನು ಕೂರಿಸಿಕೊಂಡು ಹೇಳಿದಳು: "ಅಲ್ಲಿ ಅವ್ವನ ಹೆಸರೇ ಬರೀರಿ. ನಾಕೂ ವಾಪಸ್ ಬರ್ಲಿ, ಆಮ್ಯಾಲೆ ನಾನು ನೋಡ್ಕಂತೀನಿ."

ನನ್ನ ಅಕ್ಷರ ಚೆನ್ನಾಗಿತ್ತೆಂದು ನಾಲ್ಕನ್ನೂ ತುಂಬುವ ಕೆಲಸ ನನಗೇ ಬಂತು. ಮೂರರಲ್ಲಿ ಅವರವರ ಅವ್ವಂದಿರ ಹೆಸರು ದುಂಡಗೆ ಬರೆದೆ. ನನ್ನದರಲ್ಲಿ ಸೋದರಮಾವನ ಹೆಸರು ಬರೆದೆ. ಹೊಸ ಶಾಲೆಯಲ್ಲಿ ಯಾರಾದರೂ ನಕ್ಕರೆ ಎಂಬ ಭಯ. ಅದನ್ನು ಜಾಣತನ ಎಂದುಕೊಂಡಿದ್ದೆ.

ಮೂರು ಅರ್ಜಿ ವಾಪಸ್ ಬಂದವು, ನನ್ನದು ಬರಲಿಲ್ಲ. ದೊಡ್ಡಮ್ಮ ನಮ್ಮನ್ನೂ ಅವ್ವಂದಿರನ್ನೂ ಕರೆದುಕೊಂಡು ಹೆಡ್‌ಮಾಸ್ಟರ ಮುಂದೆ ನಿಂತಳು. ಅವರು ನನ್ನ ಅರ್ಜಿ ತೆಗೆದು ಮೇಜಿನ ಮೇಲಿಟ್ಟರು.

"ನೋಡಮ್ಮಾ, ಇದೂ ನಿಮ್ಮ ಓಣಿ ಹುಡುಗೀದೇ. ತಂದೆ ಹೆಸರು ಬರ್ದಾಳೆ. ಉಳಿದೋರಿಗೆ ಏನು ಕಷ್ಟ?"

ದೊಡ್ಡಮ್ಮ ಅದನ್ನು ನನ್ನ ಕೈಗೆ ಕೊಟ್ಟಳು. "ಏನು ಬರ್ದೀಯ, ಓದವ್ವ."

ಓದಿದೆ. ಪಕ್ಕದಲ್ಲಿದ್ದ ಅವ್ವ ತಲೆ ತಗ್ಗಿಸಿದಳು. ಆ ತಗ್ಗಿದ ತಲೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ... ದೊಡ್ಡಮ್ಮ ಉಗಿಯುತ್ತಾಳೆ ಎಂದುಕೊಂಡೆ, ಉಗಿಯಲಿಲ್ಲ. "ನಿನಗೆ ಸೀಟು ಸಿಕ್ಕೈತೆ. ಹಿಂಗೇ ಬಿಟ್ರೂ ನಾನು ಏನೂ ಅನ್ನಲ್ಲ. ನೀನೇ ನೋಡು," ಎಂದಳು.

ಹೆಡ್‌ಮಾಸ್ಟರ ಹತ್ತಿರವೇ ಪೆನ್ನು ಕೇಳಿದೆ. ಮಾವನ ಹೆಸರು ಹೊಡೆದುಹಾಕಿ ಅವ್ವನ ಹೆಸರು ಬರೆದೆ. ಆ ದುಂಡಕ್ಷರ ಎಲ್ಲಿ ಹೋಯಿತೋ! ಸೀಟೂ ಹೋಯಿತು. ಹನ್ನೊಂದು ದಿನ ನಾವು ನಾಲ್ವರು ಬೆಳಗಿನ ಬೆಲ್ಲಿನಿಂದ ಶಾಲೆ ಬಿಡುವ ತನಕ ಮೆಟ್ಟಿಲ ಮೇಲೆ ಪುಸ್ತಕ ಬಿಚ್ಚಿ ಕೂತೆವು. ಒಳಗಿನ ಪಾಠ ಕೇಳಿಸಲಿ ಎಂದು ದೊಡ್ಡಮ್ಮ ಕಿಟಕಿಯ ಹತ್ತಿರವೇ ಜಾಗ ಹಿಡಿದಿದ್ದಳು. ಹನ್ನೆರಡನೇ ದಿನ ಮೇಲಿನ ಕಚೇರಿಯಿಂದ ಪತ್ರ ಬಂತು, ತಾಯಿಯ ಹೆಸರು ಸಾಕು ಎಂದು. ತರಗತಿಯಲ್ಲಿ ಒಂದಿಬ್ಬರು ನಕ್ಕರು. ನಕ್ಕರೆ ನಗಲಿ ಬಿಡು ಅನ್ನಿಸಿತು.

ನಾನು ಉಕ್ಕಡಗಾತ್ರಿ ಬಸ್ಸಿಗೆ ಕಾದ ದಿನಕ್ಕೆ ದೊಡ್ಡಮ್ಮ ತೀರಿಕೊಂಡು ವಾರವಾಗಿತ್ತು. ಹಿಂದಿನ ದಿನವಷ್ಟೇ ಆರೇಳು ಹೆಂಗಸರು ಸೇರಿ ಮರಣ ನೋಂದಣಿಗೆ ಹೋಗಿದ್ದೆವು. ಈಗಿನ ಫಾರಂನಲ್ಲಿ ತಾಯಿಯ ಹೆಸರಿಗೂ ಸಾಲಿದೆ.

"ಇವರ ತಾಯಿ ಹೆಸರೇನ್ರಿ?" ಗುಮಾಸ್ತರು ಕೇಳಿದರು.

ನಮ್ಮೆಲ್ಲರ ಅವ್ವಂದಿರ ಹೆಸರನ್ನು ಸರ್ಕಾರಿ ಕಾಗದಕ್ಕೆ ಏರಿಸಿದವಳನ್ನು, ನಿನ್ನ ಅವ್ವ ಯಾರೆಂದು ನಾವು ಯಾರೂ ಕೇಳಿರಲಿಲ್ಲ. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಗೊತ್ತಿಲ್ಲ ಅಂದ್ರೆ ಗೆರೆ ಎಳಿತೀನಿ ಬಿಡ್ರಿ," ಎಂದರು ಗುಮಾಸ್ತರು.

"ಗೆರೆ ಬ್ಯಾಡ್ರಿ. ಎರಡು ದಿನ ತಡೀರಿ, ಹೆಸರು ತರ್ತೀನಿ," ಎಂದೆ.

ಉಕ್ಕಡಗಾತ್ರಿ ಬಸ್ಸು ಹೋಗುವ ದಾರಿಯಲ್ಲಿರುವ, ಹೊಳೆದಂಡೆಯ ಒಂದು ಹಳ್ಳಿ ಅವಳ ಹುಟ್ಟೂರು ಎಂಬುದಷ್ಟೇ ಗೊತ್ತಿತ್ತು. ಅಲ್ಲಿ ಇಳಿದು ಆರು ಮನೆ ತಿರುಗಿದೆ. ಏಳನೆಯ ಮನೆಯ ಅಜ್ಜಿ ಅವರೆಕಾಯಿ ಬಿಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡು, "ನೀನು ಯಾರ ಮಗಳವ್ವ?" ಎಂದಳು. ಅವ್ವನ ಹೆಸರು ಹೇಳಿದೆ. ಅಪ್ಪನದು ಕೇಳಲಿಲ್ಲ. "ಆಕಿ ಅವ್ವ ಭತ್ತ ನಾಟಿ ಮಾಡುವಾಗ ನಮಗೆಲ್ಲ ಹಾಡು ಹೇಳಿಕೊಡ್ತಿದ್ಲು," ಎಂದು ಹೆಸರು ಹೇಳಿ, ಸರಿಯಾಗಿ ಬರ್ಕೋ ಎಂದಳು.

ಪ್ರಮಾಣಪತ್ರ ಕೈಗೆ ಬಂದಾಗ ಒಂದೊಂದೇ ಅಕ್ಷರ ನೋಡಿದೆ. ತಪ್ಪಿರಲಿಲ್ಲ. ಗೆದ್ದ ಖುಷಿಯಲ್ಲಿ ದೊಡ್ಡಮ್ಮನಿಗೆ ತೋರಿಸಬೇಕೆಂದು ಎದ್ದೇಬಿಟ್ಟೆ... ಅವಳ ಜೊತೆಯಿಲ್ಲದೆ ನಾನು ಹಟ ಹಿಡಿದು ಮಾಡಿಸಿದ ಮೊದಲ ಕಾಗದ, ಅವಳು ಇಲ್ಲವೆಂದು ಹೇಳುವ ಕಾಗದ.